ಭಾನುವಾರವೇ ಹೊರಟ ಚೀಲ

ನನಗೊಂದು ಚಟವಿದೆ. ಎಲೆಯಡಿಕೆಯಲ್ಲ, ನಶ್ಯವೂ ಅಲ್ಲ. ಡಾಕ್ಟರ ಹತ್ತಿರ ಹೇಳಿಕೊಂಡರೆ ಅವರು ನಕ್ಕು ಮನೆಗೆ ಕಳಿಸುವಂಥದ್ದು. ಊಟವಾದ ಮೇಲೆ ಫೋನು ಹಿಡಿದು ಕೂತು, ಆ ಊರಿನಿಂದ ಈ ಊರಿಗೆ ಎಷ್ಟು ದೂರ, ವಿಮಾನದಲ್ಲಿ ಎಷ್ಟು ಹೊತ್ತು ಎಂದು ನೋಡುತ್ತಿರುವುದು. ಮೈಸೂರಿನಿಂದ ಮಾಸ್ಕೋಗೆ ಎಷ್ಟು ದೂರ? ಕೈರೋದಿಂದ ಲಿಮಾಕ್ಕೆ ಎಷ್ಟು ಗಂಟೆ? ಲಿಮಾ ಯಾವ ದೇಶದಲ್ಲಿದೆಯಪ್ಪ ಎಂದು ನೀವು ಕೇಳಿದರೆ ನಾನು ತಡವರಿಸಿಯೇನು; ಅಲ್ಲಿಗೆ ಹೋಗಲು ಎಷ್ಟು ಹೊತ್ತು ಬೇಕು ಎನ್ನುವುದನ್ನು ಮಾತ್ರ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಹಾಗಂತ ನಾನೇನೂ ದೇಶ ಸುತ್ತಿದವನಲ್ಲ. ನಜರ್‌ಬಾದಿನ ನಮ್ಮ ಮನೆಯಿಂದ ದೇವರಾಜ ಮಾರುಕಟ್ಟೆಗೆ ಹೋಗಿ ಒಂದು ಕಟ್ಟು ಕರಿಬೇವು ತಾ ಎಂದರೆ ಬಿಸಿಲು ಇಳಿಯಲಿ ಎನ್ನುವ ಜಾತಿ.

ಮೊನ್ನೆ ಹೀಗೆ ಫೋನು ಕೆದಕುತ್ತ ಕೂತಿದ್ದಾಗ ಎದುರಿಗೆ ಗೂಟಕ್ಕೆ ನೇತುಹಾಕಿದ್ದ ಚೀಲ ಕಣ್ಣಿಗೆ ಬಿತ್ತು. ಕಂದು ಬಣ್ಣದ ದಪ್ಪ ಬಟ್ಟೆಯ ಚೀಲ. ಈಗ ಖಾಲಿ. ಅದರ ಹಿಡಿಗೆ ವಿಮಾನ ನಿಲ್ದಾಣದವರು ಅಂಟಿಸಿದ ಬಿಳಿಯ ಪಟ್ಟಿ ಇನ್ನೂ ಹಾಗೇ ಇದೆ. ಅದನ್ನು ಕತ್ತರಿಸೋಣವೆಂದು ಕತ್ತರಿ ತೆಗೆದುಕೊಂಡರೆ ಪದ್ಮತ್ತೆ ಅಡುಗೆಮನೆಯಿಂದಲೇ ಕೂಗುತ್ತಾರೆ, "ಮುಟ್ಬೇಡ ಕಣೋ ಅದನ್ನ! ಇರ್ಲಿ ಬಿಡು, ನಿನಗೇನು ಭಾರವೇ?" ಕತ್ತರಿಯ ಸದ್ದು ಅಡುಗೆಮನೆಯವರೆಗೆ ಹೇಗೆ ಕೇಳಿಸುತ್ತದೋ, ಆ ದೇವರಿಗೇ ಗೊತ್ತು. ಎದುರಿಗೆ ನಿಂತು ಮಾತಾಡಿದರೆ ಮಾತ್ರ "ಏನಂದೆ?" ಎನ್ನುತ್ತಾರೆ.

ಪದ್ಮತ್ತೆ ನನ್ನ ಸೋದರತ್ತೆ, ಅಪ್ಪನ ತಂಗಿ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ಈ ಮನೆಗೆ ಬಂದವರು. ನನ್ನನ್ನು ಅರ್ಧ ಬೆಳೆಸಿದರು, ನನ್ನ ಮಗಳು ಸಿಂಧುವನ್ನು ಪೂರ್ತಿ ಬೆಳೆಸಿದರು. ಸಿಂಧು ಪಿಯುಸಿ ಓದುವಾಗ ನನ್ನ ಹೆಂಡತಿ ಗಾಯತ್ರಿ ತೀರಿಕೊಂಡಳು. ಆಮೇಲೆ ಆ ಹುಡುಗಿಯ ಜಡೆಗೂ ಜ್ವರಕ್ಕೂ ಜಗಳಕ್ಕೂ ಇದ್ದವರು ಅವರೇ. ನನಗೆ ಜಡೆ ಹೆಣೆಯಲು ಬರುತ್ತಿರಲಿಲ್ಲ. ಒಂದೆರಡು ಸಲ ಪ್ರಯತ್ನಪಟ್ಟೆ. ಸಿಂಧು ಕಾಲೇಜಿಗೆ ಹೊರಡುವ ಮುಂಚೆ ಬಚ್ಚಲಿಗೆ ಹೋಗಿ ಅದನ್ನು ಬಿಚ್ಚಿಕೊಂಡು ಬರುತ್ತಿದ್ದಳು.

ದೂರದ ಹುಚ್ಚು ನನಗೆ ಹತ್ತಿದ್ದು ಈ ಮನೆಯಲ್ಲೇ. ನಾನು ಚಿಕ್ಕವನಾಗಿದ್ದಾಗ ನಮ್ಮಲ್ಲಿ ದೂರವನ್ನು ಅಳೆಯುತ್ತಿದ್ದುದು ಮೈಲಿಯಲ್ಲಲ್ಲ, ಬುತ್ತಿಯಲ್ಲಿ. ನಂಜನಗೂಡಿಗೆ ಬುತ್ತಿ ಬೇಡ, ಬೆಳಿಗ್ಗೆ ಹೋಗಿ ಊಟಕ್ಕೆ ವಾಪಸು. ಬೆಂಗಳೂರು ಎಂದರೆ ಮೊಸರನ್ನ. ಹುಬ್ಬಳ್ಳಿ ಎಂದರೆ ಪುಳಿಯೋಗರೆ, ಏಕೆಂದರೆ ಅದು ಮಾರನೆಯ ದಿನಕ್ಕೂ ಹಳಸುವುದಿಲ್ಲ. ತಾತ ಕಾಶಿಗೆ ಹೊರಟಾಗಲಂತೂ ಮನೆಯಲ್ಲಿ ವಾರವಿಡೀ ಬಾಣಲೆ ಒಲೆಯಿಂದ ಇಳಿಯಲಿಲ್ಲ. ಚಕ್ಕುಲಿ, ಕೋಡುಬಳೆ, ಹುರಿದ ಅವಲಕ್ಕಿ ಎಲ್ಲ ಡಬ್ಬಿ ಸೇರಿದವು. ಶಾಲೆಯಲ್ಲಿ ಭೂಗೋಳದ ಮೇಷ್ಟ್ರು ನನ್ನನ್ನು ಎಬ್ಬಿಸಿ ದೆಹಲಿ ಎಷ್ಟು ದೂರವೋ ಎಂದು ಕೇಳಿದಾಗ ನಾನು ಪ್ರಾಮಾಣಿಕವಾಗಿ, "ಪುಳಿಯೋಗರೆ ಮುಗಿದು ಅವಲಕ್ಕಿ ಶುರುವಾದ ಮೇಲೆ ಬರುತ್ತೆ ಸಾರ್" ಎಂದೆ. ತರಗತಿಯೆಲ್ಲ ನಕ್ಕಿತು. ಮೇಷ್ಟ್ರು ಬೆಂಚಿನ ಮೇಲೆ ನಿಲ್ಲಿಸಿದರು. ಮಧ್ಯಾಹ್ನ ತಮ್ಮ ಟಿಫಿನ್ ಡಬ್ಬಿ ಬಿಚ್ಚುವಾಗ ಅವರೂ ನಕ್ಕಿದ್ದನ್ನು ನಾನು ಕಿಟಕಿಯಿಂದ ಕಂಡೆ.

ಆ ಅವಮಾನಕ್ಕೆ ಸೇಡು ತೀರಿಸಿಕೊಳ್ಳಲು ಅಟ್ಲಾಸು ಹಿಡಿದೆ. ಅತ್ತೆ ಹೂ ಕಟ್ಟಲು ನೆನೆಸಿಟ್ಟ ಬಾಳೆನಾರನ್ನು ಕದ್ದು, ಭೂಪಟದ ಮೇಲೆ ಊರಿಂದ ಊರಿಗೆ ಹಿಡಿದು ಅಳೆಯುತ್ತಿದ್ದೆ. ಒದ್ದೆ ನಾರು ಎಳೆದಷ್ಟು ಉದ್ದವಾಗುತ್ತಿತ್ತು. ಹಾಗಾಗಿ ನನ್ನ ಲೆಕ್ಕದಲ್ಲಿ ಕಲ್ಕತ್ತ ಒಂದು ದಿನ ಹತ್ತಿರವಿದ್ದರೆ ಮರುದಿನ ದೂರ ಹೋಗಿರುತ್ತಿತ್ತು. ಅತ್ತೆಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ಮಾರುಕಟ್ಟೆಯಲ್ಲಿ ಅವರು ಮಲ್ಲಿಗೆ ಕೊಳ್ಳುವಾಗ ಹೂವಿನ ಮುಖ ನೋಡುತ್ತಿರಲಿಲ್ಲ, ಮಾರುವವಳ ಕೈ ನೋಡುತ್ತಿದ್ದರು. ಉದ್ದ ಕೈಯವಳ ಮೊಳ ಉದ್ದ. "ಅಳತೆ ಅನ್ನೋದು ಅಳೆಯೋರ ಕೈಲಿರುತ್ತೆ ಕಣೋ" ಎಂದು ನನ್ನ ತಲೆ ಸವರಿ, ಬಾಳೆನಾರನ್ನು ಕಿತ್ತುಕೊಂಡು ಹೋಗಿದ್ದರು.

ಚೀಲದ ಮಾತು ಬಿಟ್ಟು ಎಲ್ಲಿಗೋ ಹೋದೆ. ಬಂದೆ.

ಸಿಂಧುವಿನ ಗಂಡ ಬ್ಯಾಂಕಿನವನು. ವರ್ಗವಾಗಿ ಗುವಾಹಟಿಗೆ ಹೋದ, ಇವಳೂ ಹೋದಳು. ಅಲ್ಲಿ ಬಸುರಿಯಾದಳು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕೆಂಬುದು ನಮ್ಮ ಕಡೆಯ ಪದ್ಧತಿ. ಏಳನೇ ತಿಂಗಳಿಗೆ ಕರೆತರುವುದೆಂದು ಪದ್ಮತ್ತೆ ಕೋಣೆಗೆ ಸುಣ್ಣ ಹೊಡೆಸಿ ತೊಟ್ಟಿಲು ಇಳಿಸಿ ಒರೆಸಿಟ್ಟರು. ಅಷ್ಟರಲ್ಲಿ ಅಲ್ಲಿನ ಡಾಕ್ಟರು ಹುಡುಗಿಯ ರಕ್ತದೊತ್ತಡ ಏರಿದೆ, ಪ್ರಯಾಣ ಬೇಡವೇ ಬೇಡ ಎಂದರು. ಅಳಿಯನ ತಾಯಿಗೆ ಮಂಡಿ ಆಪರೇಷನ್ನು ಆಗಿ, ಅವರೇ ಇನ್ನೊಬ್ಬರ ಕೈ ಹಿಡಿದು ನಡೆಯುತ್ತಿದ್ದರು. ಒಂದು ಸಂಜೆ ಸಿಂಧು ಫೋನು ಮಾಡಿದಳು. ಏನೇನೋ ಮಾತಾಡಿ ಕೊನೆಗೆ, "ಅಪ್ಪಾ, ಪದ್ದಜ್ಜೀನ ಕರ್ಕೊಂಡು ಅಷ್ಟೊತ್ತಿಗೆ ಬಂದ್ಬಿಡ್ತೀರ ತಾನೆ? ನೋವು ಶುರುವಾದಾಗ ತವರಿನೋರು ಒಬ್ರಾದ್ರೂ ಪಕ್ಕದಲ್ಲಿರ್ಬೇಕು ಅನ್ನಿಸ್ತಿದೆ" ಎಂದಳು. ಅಮ್ಮನ ಹೆಸರು ಅವಳು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ತಾಯಿಯಿಲ್ಲದ ಹುಡುಗಿ ಕೇಳಿಕೊಂಡಿದ್ದು ಇದೊಂದನ್ನೇ. ಏನೇ ಆಗಲಿ, ಹೊತ್ತಿಗೆ ಸರಿಯಾಗಿ ಅವಳ ಪಕ್ಕದಲ್ಲಿ ಇರಬೇಕು ಎಂದುಕೊಂಡೆ.

ಇಷ್ಟು ಕಾಲ ಸಾಕಿದ್ದ ಚಟ ಕೊನೆಗೂ ಉಪಯೋಗಕ್ಕೆ ಬಂತು. ಬೆಂಗಳೂರಿನಿಂದ ಗುವಾಹಟಿಗೆ ನೇರ ವಿಮಾನ, ಎರಡು ಸಾವಿರ ಕಿಲೋಮೀಟರು ಚಿಲ್ಲರೆ, ಮೂರು ಗಂಟೆ ಚಿಲ್ಲರೆ. ಡಾಕ್ಟರು ಹೇಳಿದ ದಿನಕ್ಕೆ ವಾರಕ್ಕೂ ಮುಂಚೆ ಒಂದು ಮಧ್ಯಾಹ್ನದ ವಿಮಾನದಲ್ಲಿ ಎರಡು ಸೀಟು ಸಿಕ್ಕವು. ಟಿಕೆಟು ಮಾಡಿ, ಗೆದ್ದವನ ಹಾಗೆ ಅಡುಗೆಮನೆಗೆ ಹೋಗಿ ಹೇಳಿದೆ.

"ಯಾವ ವಾರ?" ಎಂದರು ಅತ್ತೆ.

"ಮಂಗಳವಾರ."

ಅತ್ತೆ ಸೌಟು ಕೆಳಗಿಟ್ಟರು. "ಅಲ್ವೋ, ಹೆಣ್ಣುಮಗಳ ಬಾಣಂತನಕ್ಕೆ ಹೋಗೋದು, ಮಂಗಳವಾರ ಹೊಸಿಲು ದಾಟ್ತಾರೇನೋ? ಅದೂ ಉತ್ತರಕ್ಕೆ! ಮಂಗಳವಾರ ಉತ್ತರಕ್ಕೆ ಶೂಲೆ."

ಶೂಲೆ ಎಂದರೆ ಆಯಾ ವಾರ ಪ್ರಯಾಣಕ್ಕೆ ಕೂಡದ ದಿಕ್ಕು. ನಾನು ಫೋನಿನಲ್ಲಿ ಭೂಪಟ ತೆರೆದು ತೋರಿಸಿದೆ. "ನೋಡಿ ಅತ್ತೆ, ಗುವಾಹಟಿ ಉತ್ತರಕ್ಕಿಲ್ಲ, ಈಶಾನ್ಯಕ್ಕಿದೆ."

"ಈಶಾನ್ಯ ಅಂದ್ರೆ ಅರ್ಧ ಉತ್ತರ ತಾನೇ? ಅರ್ಧ ಶೂಲೆ ಚುಚ್ಚಲ್ವೇನೋ?"

"ಮೂರೇ ಗಂಟೆ ಅತ್ತೆ! ಶೂಲೆಗೆ ಗೊತ್ತಾಗೋದ್ರೊಳಗೆ ಹೋಗಿ ಇಳಿದಿರ್ತೀವಿ."

ಅವರು ನಗಲಿಲ್ಲ. ಬೇರೆ ದಿನಗಳ ನೇರ ವಿಮಾನದಲ್ಲಿ ಜಾಗವಿರಲಿಲ್ಲ. ಎರಡು ದಿನ ಮನೆಯಲ್ಲಿ ಸಾರಿಗೆ ಉಪ್ಪು ಕಡಿಮೆಯಾಯಿತು. ಮೂರನೆಯ ದಿನ ಅವರೇ ದಾರಿ ಹುಡುಕಿದರು. "ಪರಸ್ಥಾನ ಇಟ್ಬಿಡೋಣ" ಎಂದರು.

ಪರಸ್ಥಾನ ಎಂದರೇನೆಂದು ಕೇಳುವ ಓದುಗರು ಈಗ ಹೆಚ್ಚಾಗಿದ್ದಾರೆ, ಆದ್ದರಿಂದ ಹೇಳುತ್ತೇನೆ. ಹೊರಡಬೇಕಾದ ದಿನ ಚೆನ್ನಾಗಿಲ್ಲದಿದ್ದರೆ, ಅದಕ್ಕೆ ಮುಂಚಿನ ಒಳ್ಳೆಯ ದಿನ ನೋಡಿ, ಹೊರಡುವವರ ಸ್ವಂತದ ವಸ್ತುವೊಂದನ್ನು ಗಂಟು ಕಟ್ಟಿ, ಹೋಗುವ ದಿಕ್ಕಿನಲ್ಲಿರುವ ಬೇರೆಯವರ ಮನೆಯಲ್ಲಿ ಇಟ್ಟು ಬರುವುದು. ವಸ್ತು ಹೊರಟಿತು ಎಂದರೆ ಮನುಷ್ಯರು ಹೊರಟ ಹಾಗೆ. ಆಮೇಲೆ ಅವರು ಯಾವ ದಿನ ಹೊರಟರೂ ದೋಷವಿಲ್ಲ. ಹೋಗುತ್ತ ಗಂಟನ್ನು ಎತ್ತಿಕೊಂಡು ಮುಂದೆ ಸಾಗಿದರಾಯಿತು. ಎರಡೇ ಕಟ್ಟುಪಾಡು. ಪ್ರಯಾಣ ಮುಗಿಯುವವರೆಗೆ ಇಟ್ಟ ಗಂಟು ಮತ್ತೆ ಮನೆಗೆ ಬರಕೂಡದು. ಅದನ್ನು ತರಲು ಹೊಸಿಲು ದಾಟಿದವರೂ ಮನೆಯೊಳಗೆ ಕಾಲಿಡಕೂಡದು. ಹಿಂದಿನವರು ಪಂಚಾಂಗಕ್ಕೂ ಮರ್ಯಾದೆ ಕೊಟ್ಟು ತಮ್ಮ ಕೆಲಸವನ್ನೂ ಮಾಡಿಕೊಳ್ಳುತ್ತಿದ್ದ ಉಪಾಯವಿದು.

ಪಕ್ಕದ ಮನೆಯವರು ಸಂಬಂಧಿಕರಷ್ಟು ಹತ್ತಿರದವರು, ಆದರೆ ಅವರ ಮನೆ ದಕ್ಷಿಣಕ್ಕಿತ್ತು. ನಾನು ಫೋನಿನ ದಿಕ್ಸೂಚಿ ಹಿಡಿದು ಬೀದಿಯಲ್ಲಿ ಸುತ್ತಿದೆ. ಎದುರು ಸಾಲಿನ ಮೂಲೆ ಮನೆ, ಸರೋಜಮ್ಮನವರದು, ಸರಿಯಾಗಿ ಈಶಾನ್ಯಕ್ಕೆ ಸಿಕ್ಕಿತು. ಸರೋಜಮ್ಮ ವರುಣದ ಹತ್ತಿರದ ಹಳ್ಳಿಯವರು, ಈ ಬೀದಿಗೆ ಸೊಸೆಯಾಗಿ ಬಂದು ಈಗ ತಾವೇ ಅಜ್ಜಿಯಾಗಿರುವವರು. ಕೇಳಿದ್ದೇ ತಡ, "ಅಯ್ಯೋ, ತಂದು ಮಡಗಿ ಪದ್ಮಮ್ಮೋರೆ, ಅದಕ್ಯಾಕೆ ಕೇಳೀರಿ? ದೇವರ ಗೂಡಿನ ತಾವೇ ಮಡಗ್ತೀನಿ" ಎಂದರು.

ಭಾನುವಾರ ಬೆಳಿಗ್ಗೆ ಚೀಲ ಹೊರಟಿತು. ಒಳಗೆ ಬಾಣಂತನದ ಸಾಮಾನು: ಮಗುವಿಗೆ ತೇಯುವ ಬಜೆ, ಒಣಶುಂಠಿ, ಹಿಪ್ಪಲಿ, ಸಾಂಬ್ರಾಣಿ, ಹರಳೆಣ್ಣೆಯ ಬಾಟಲಿ. ಎಲ್ಲಕ್ಕಿಂತ ಕೆಳಗೆ, ಹಳೆಯ ದಿಂಬಿನ ಚೀಲವೊಂದರಲ್ಲಿ ಮೆತ್ತಗಿನದೇನನ್ನೋ ಸುತ್ತಿಟ್ಟಿದ್ದರು. ಏನದು ಎಂದೆ. "ನಿನಗ್ಯಾಕೋ ಅದೆಲ್ಲ? ಹೆಂಗಸರ ಸಾಮಾನು" ಎಂದರು. ಅತ್ತೆ ಅದನ್ನು ಎದೆಗವಚಿಕೊಂಡು ಬೀದಿ ದಾಟಿ ಇಟ್ಟು ಬಂದರು. ವಾಪಸು ಬರುವಾಗ ಮುಖದಲ್ಲಿ ಅರ್ಧ ದಾರಿ ಸವೆಸಿದವರ ನೆಮ್ಮದಿಯಿತ್ತು.

ಮಂಗಳವಾರ ಒಂಬತ್ತಕ್ಕೆ ಹೊರಡುವುದೆಂದು ಬೀದಿಗೆಲ್ಲ ಹೇಳಿಟ್ಟಿದ್ದೆ. ಆದರೆ ಅಂದು ಬೆಳಿಗ್ಗೆ ಕಾಫಿಯ ಹೊತ್ತಿಗೆ ಸಿಂಧು ಫೋನು ಮಾಡಿ, "ಅಪ್ಪಾ, ಸೊಂಟ ಸಣ್ಣಗೆ ನೋಯ್ತಿದೆ. ಡಾಕ್ಟರು ಗಾಬರಿ ಇಲ್ಲ ಅಂದ್ರು. ನೀವು ಹೊರಟ್ರಾ?" ಎಂದಳು. ಫೋನಿನಲ್ಲಿ ರಸ್ತೆ ನೋಡಿದರೆ ಕೆಂಗೇರಿಯ ಆಚೆ ಎಲ್ಲ ಕೆಂಪು. ಟ್ಯಾಕ್ಸಿಯ ಮಹದೇವನಿಗೆ ಹೇಳಿ ಏಳಕ್ಕೇ ಕರೆಸಿದೆ. ಮನೆಗೆ ಬೀಗ ಹಾಕಿ, ಬಲಗಾಲಿಟ್ಟು ಹೊರಗೆ ಬಂದು, ಪೆಟ್ಟಿಗೆಗಳನ್ನು ಡಿಕ್ಕಿಗೆ ತುಂಬಿ, ಚೀಲ ತರಲು ಎದುರುಮನೆಗೆ ಹೋದರೆ ಸರೋಜಮ್ಮನ ಮನೆಗೆ ಬೀಗ!

ಅವರಿಗೆ ಫೋನು ಮಾಡಿದೆ. ಅದು ಮನೆಯೊಳಗೇ ಕೂಗಿತು.

ಹಾಲು ಹಾಕುತ್ತಿದ್ದವನು ಸೈಕಲ್ಲಿನಿಂದಲೇ ಹೇಳಿದ, "ಮಂಗಳವಾರ ಅಲ್ವ ಸಾ, ಸರೋಜಮ್ನೋರು ಬೆಟ್ಟುಕ್ಕೆ ಹೋಗವ್ರೆ. ಮೆಟ್ಲು ಹತ್ಕೊಂಡು."

"ಪರವಾಗಿಲ್ಲ ಅತ್ತೆ. ಬಜೆ ಶುಂಠಿ ಎಲ್ಲ ಅಲ್ಲೂ ಸಿಗುತ್ತೆ. ಹೋಗೋಣ ನಡೀರಿ" ಎಂದೆ.

ಅತ್ತೆ ಕದಲಲಿಲ್ಲ. "ನನ್ನ ಆಧಾರ್ ಕಾರ್ಡು ಚೀಲದಲ್ಲಿದೆ" ಎಂದರು.

"ಚೀಲದಲ್ಲಿ ಯಾಕಿಟ್ರಿ?"

"ನೀನೇ ಹೇಳ್ದೆಯಲ್ಲೋ, ಈಗಿನ ಕಾಲದಲ್ಲಿ ಮನುಷ್ಯ ಅಂದ್ರೆ ಆಧಾರ್ ಕಾರ್ಡು ಅಂತ? ಹೊರಡೋರ ಸ್ವಂತದ್ದು ಒಂದು ಇಡ್ಬೇಕು. ಅದಕ್ಕಿಂತ ಸ್ವಂತದ್ದು ಇನ್ನೇನಿದೆ? ಮುಖಾನೂ ಇದೆ ಅದ್ರಲ್ಲಿ."

ಶಾಸ್ತ್ರಕ್ಕೂ ಕಾಲಕ್ಕೂ ಒಪ್ಪುವ ಮಾತು. ನನಗೆ ಮಾತ್ರ ತಲೆ ಬಿಸಿಯಾಯಿತು. ಆದರೂ ಉಪಾಯ ಹೊಳೆಯಿತು. "ನಿಮ್ಮ ಓಟರ್ ಕಾರ್ಡು ಬೀರುವಿನಲ್ಲಿದೆಯಲ್ಲ, ಅದೂ ನಡೆಯುತ್ತೆ. ಬೀಗ ತೆಗೆದು ತಂದ್ಬಿಡ್ತೀನಿ."

"ಕಾರ್ಡಿನ ಮಾತಲ್ಲ ಕಣೋ. ಆ ಚೀಲ ಬಿಟ್ಟು ನಾನು ಒಂದು ಹೆಜ್ಜೆ ಇಡಲ್ಲ."

"ಸಿಂಧು ಕಾಯ್ತಾ ಇದಾಳೆ ಅತ್ತೆ!"

"ಅದಕ್ಕೇ ಹೇಳ್ತಿರೋದು" ಎಂದು ಅವರು ಸರೋಜಮ್ಮನ ಮನೆಯ ಜಗಲಿಯ ಮೇಲೆ ಕೂತುಬಿಟ್ಟರು. ನಮ್ಮ ಮನೆಯೊಳಗೆ ಹೋಗುವಂತಿಲ್ಲ, ಮುಂದಕ್ಕೂ ಹೋಗುವಂತಿಲ್ಲ. ಬೀದಿಯವರೆಲ್ಲ ಸೇರಿದರು. ಯಾರೋ ಅವರಿಗೆ ಅಲ್ಲಿಗೇ ಕಾಫಿ ತಂದುಕೊಟ್ಟರು. ಒಬ್ಬರು ಬೀಗ ಒಡೆಯೋಣವೆಂದರು. ಇನ್ನೊಬ್ಬರು, ಪರಸ್ಥಾನದ ಮನೆಯ ಬೀಗ ಒಡೆಯಬಹುದೋ ಕೂಡದೋ ಎಂದು ಚರ್ಚೆ ತೆಗೆದರು. ಪದ್ಮತ್ತೆ ಕಾಫಿ ಕುಡಿಯುತ್ತ ಕೂಡದು ಎಂದು ತೀರ್ಪು ಕೊಟ್ಟರು.

ಮಹದೇವ ಇಷ್ಟು ಹೊತ್ತೂ ಕಾರಿಗೆ ಒರಗಿಕೊಂಡು ನೋಡುತ್ತಿದ್ದವನು, "ಬುಡಿ ಸಾ, ಬೆಟ್ಟ ಏನ್ ದೂರ? ಒಂದ್ ಗಳಿಗೆ ಹೋಗಿ ಕರ್ಕಂಡು ಬಂದ್ಬುಡುವ. ಅಮ್ಮಾರೂ ಕೂತ್ಕಳ್ಳಿ. ಎಂಗೂ ಹೊರಟಂಗೂ ಆಯ್ತದೆ" ಎಂದ.

ಹೀಗೆ ಗುವಾಹಟಿಗೆ ನಮ್ಮ ಪ್ರಯಾಣ ಶುರುವಾಯಿತು, ಗುವಾಹಟಿ ಇಲ್ಲದ ದಿಕ್ಕಿಗೆ. ಬೆಟ್ಟ ನಮಗೆ ಆಗ್ನೇಯಕ್ಕೆ. ನನ್ನ ಫೋನಿನಲ್ಲಿ ಬೆಂಗಳೂರು ವಿಮಾನ ನಿಲ್ದಾಣದ ದಾರಿ ಹಾಕಿಟ್ಟಿದ್ದೆನಾದ್ದರಿಂದ ಅದರೊಳಗಿನ ಹೆಂಗಸು ಪ್ರತಿ ತಿರುವಿನಲ್ಲೂ ಹಿಂದಕ್ಕೆ ತಿರುಗಿ, ಹಿಂದಕ್ಕೆ ತಿರುಗಿ ಎಂದು ಹೇಳತೊಡಗಿದಳು. "ಸುಮ್ನಿರಮ್ಮ, ನಿನಗೇನ್ ಗೊತ್ತು ನಮ್ಮ ತಾಪತ್ರಯ" ಎಂದರು ಅತ್ತೆ. ಅವಳು ಸುಮ್ಮನಾಗಲಿಲ್ಲ. ನಮ್ಮ ಹಿಂದಿದ್ದ ಸ್ಕೂಟರಿನವನು ಹಾರ್ನು ಹೊಡೆದ. ಮಹದೇವ ಹಾಡೊಂದನ್ನು ಗುನುಗತೊಡಗಿದ. ನನಗೆ ಸಿಂಧುವಿನ ಸೊಂಟನೋವೇ ಕಿವಿಯಲ್ಲಿ.

ಬೆಟ್ಟದ ಮೇಲೆ ಜನವೋ ಜನ. ಮೆಟ್ಟಿಲು ಹತ್ತಿ ಬರುವವರ ನಡುವೆ ಸರೋಜಮ್ಮನನ್ನು ಹುಡುಕುತ್ತ ನಾನು ಹೂವಿನ ಅಂಗಡಿಗಳ ಸಾಲಿನಲ್ಲಿ ಓಡಾಡಿದೆ. ಹಸಿರು ಸೀರೆ ಉಟ್ಟ ಒಬ್ಬರ ಬೆನ್ನಿನ ಹಿಂದೆ ನಿಂತು "ಸರೋಜಮ್ಮಾ!" ಎಂದೆ, ತಿರುಗಿದವರು ಬೇರೆ ಯಾರೋ, ನನಗೆ ಪ್ರಸಾದ ಕೊಟ್ಟರು. ಕೊನೆಗೆ ಬಸ್ ಸ್ಟಾಪಿನ ಕಟ್ಟೆಯ ಮೇಲೆ, ಮಂಡಿ ನೀವಿಕೊಳ್ಳುತ್ತ, ಕೈಯಲ್ಲಿ ಹೂವಿನ ಪೊಟ್ಟಣ ಹಿಡಿದು ಅವರು ಕೂತಿದ್ದರು. ನನ್ನನ್ನು ಕಂಡು ಗಾಬರಿಯಾದರು.

"ಅಯ್ಯೋ ನಮ್ಮಪ್ಪ, ನೀವ್ಯಾಕ್ ಇಲ್ಲಿಗೆ ಬಂದ್ರಿ ನಾಗರಾಜಣ್ಣ? ಒಂಬತ್ಗಂಟೆಗೆ ಅಂದಿದ್ರಲ್ಲ? ಅಷ್ಟೊತ್ಗೆ ಬಸ್ಸಲ್ಲಿ ಇಳ್ಕಂಡು ಬಂದ್ಬುಡುವ ಅಂತ ಬಂದೆ ಕಣ್ರೀ."

"ಬೀಗ ಹಾಕ್ಕೊಂಡು ಬಂದಿದೀರಲ್ಲ ಸರೋಜಮ್ಮ!" ನನ್ನ ದನಿ ಏರಿತ್ತು.

"ಬಾಗ್ಲು ತೆಗೆದಿಟ್ ಬರಕ್ಕಾಯ್ತದ?" ಎಂದವರು ಆಮೇಲೆ ಮೆತ್ತಗೆ, "ಪರಸ್ಥಾನ ನಮ್ಮನೇಲಿ ಮಡಗವ್ರೆ, ಹೊರಡೋ ದಿನ ಒಂದ್ ಹೂವಾದ್ರೂ ತಾಯಿ ಪಾದದಿಂದ ತಂದ್ಕೊಡ್ಬೇಕಲ್ವ? ನಮ್ ಸಿಂಧುಗೆ ಸುಸೂತ್ರ ಆಗ್ಲಿ ಅಂತ ಹರಕೆ ಹೊತ್ಕಂಡಿದ್ದೆ" ಎಂದು ಪೊಟ್ಟಣ ತೋರಿಸಿದರು.

ನನ್ನ ಕೋಪ ಎಲ್ಲಿಗೆ ಹೋಯಿತೋ. ಅವರ ಕೈ ಹಿಡಿದು ಕಾರಿಗೆ ಕರೆತಂದೆ. ಅತ್ತೆ ಕಾರಿನಿಂದಲೇ ಗೋಪುರಕ್ಕೆ ಕೈಮುಗಿದು, ಹೂವನ್ನು ಕಣ್ಣಿಗೊತ್ತಿಕೊಂಡು, "ಒಳ್ಳೇದೇ ಆಯ್ತು ಬಿಡಿ, ತಾಯಿ ದರ್ಶನವೂ ಆಯ್ತು" ಎಂದರು. ಫೋನಿನ ಹೆಂಗಸು ಈಗ ನೇರವಾಗಿ ಹೋಗಿ ಎಂದಳು. ಅತ್ತೆ, "ನೋಡು, ಅವಳೂ ದಾರಿಗೆ ಬಂದ್ಲು" ಎಂದರು.

ಬೀದಿಗೆ ಬಂದು, ಸರೋಜಮ್ಮ ಬೀಗ ತೆಗೆದು, ಚೀಲಕ್ಕೆ ಕುಂಕುಮ ಮುಟ್ಟಿಸಿ ಹೊಸಿಲಿನಾಚೆಯಿಂದ ಕೊಟ್ಟರು. ಅತ್ತೆ ಅದನ್ನು ತಬ್ಬಿಕೊಂಡು ಕಾರಿನಲ್ಲಿ ಕೂತರು. ಆಗ ಗಡಿಯಾರ ನೋಡಿದರೆ ಒಂಬತ್ತು. ಅಂದರೆ ಮೊದಲು ಹೇಳಿದ್ದ ಹೊತ್ತಿಗೆ ಸರಿಯಾಗಿ. ನಾನು ಸುಮ್ಮನೆ ಮನೆಯಲ್ಲಿ ಕೂತು ಇನ್ನೊಂದು ಲೋಟ ಕಾಫಿ ಕುಡಿದಿದ್ದರೂ ಇದೇ ಹೊತ್ತಿಗೆ, ಇದೇ ಚೀಲದೊಂದಿಗೆ, ಇದೇ ಕಾರಿನಲ್ಲಿ ಹೊರಟಿರುತ್ತಿದ್ದೆವು. ಇದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ. ಮಹದೇವ ಕನ್ನಡಿಯಲ್ಲಿ ನನ್ನ ಮುಖ ನೋಡಿ ನಕ್ಕ. ನನ್ನ ಓದುವ ಕನ್ನಡಕ ಮನೆಯಲ್ಲೇ ಉಳಿದಿದ್ದು ಅದೇ ಗಳಿಗೆಯಲ್ಲಿ ನೆನಪಾಯಿತು. ಒಳಗೆ ಹೋಗಲು ಅತ್ತೆ ಬಿಡಲಿಲ್ಲ. ಸರೋಜಮ್ಮ ನಮ್ಮ ಬೀಗದ ಕೈ ತೆಗೆದುಕೊಂಡು ಹೋಗಿ ಹುಡುಕಿ ತಂದುಕೊಟ್ಟರು.

ಇನ್ನು ರಸ್ತೆಯ ಕಥೆ. ನಮ್ಮ ಕಾಲದಲ್ಲಿ ಬೆಂಗಳೂರಿಗೆ ಹೋಗುವುದೆಂದರೆ ಮದ್ದೂರಿನಲ್ಲಿ ವಡೆ, ಚನ್ನಪಟ್ಟಣದಲ್ಲಿ ಕಿಟಕಿಯಿಂದ ಬೊಂಬೆ ನೋಡುವುದು, ರಾಮನಗರದಲ್ಲಿ ಬಂಡೆಗಳನ್ನು ಎಣಿಸುವುದು. ಈಗಿನ ಹೊಸ ರಸ್ತೆ ಈ ಊರುಗಳನ್ನೆಲ್ಲ ಪಕ್ಕಕ್ಕೆ ಸರಿಸಿ ಓಡುತ್ತದೆ. ಹೊಟ್ಟೆ ಚುರುಗುಟ್ಟಿ, ವಡೆಗಾಗಿ ಕೆಳಗಿಳಿಯೋಣವೇ ಎಂದು ಮಹದೇವನನ್ನು ಮೆಲ್ಲಗೆ ಕೇಳಿದೆ. ಹಿಂದಿನ ಸೀಟಿನಿಂದ ಅತ್ತೆ, "ಸೊಂಟ ನೋಯ್ತಿರೋದು ಅವಳಿಗೆ, ವಡೆ ಇವನಿಗೆ" ಎಂದರು. ನೋಡಿದಿರಾ, ಇದಕ್ಕೂ ಕಿವಿ ಕೇಳಿಸಿತು. ಕೆಂಗೇರಿಗೆ ಗಾಳಿಯ ಹಾಗೆ ಬಂದೆವು. ಅಲ್ಲಿಂದ ದೇವನಹಳ್ಳಿಗೆ ಎತ್ತಿನ ಗಾಡಿಯ ಹಾಗೆ ಹೋದೆವು. ಮೈಸೂರಿನಿಂದ ವಿಮಾನದ ಬಾಗಿಲಿಗೆ ಹಿಡಿದ ಹೊತ್ತಿನಲ್ಲಿ ವಿಮಾನ ಗುವಾಹಟಿಗೆ ಹೋಗಿ ಇನ್ನೂ ಒಂದಿಷ್ಟು ದೂರ ಹೋಗಬಹುದಿತ್ತು. ಇದನ್ನು ಯಾವ ಫೋನೂ ಹೇಳುವುದಿಲ್ಲ.

ಚೀಲವನ್ನು ಸಾಮಾನಿನ ಜೊತೆ ಒಳಗೆ ಕಳಿಸಬೇಕಾಯಿತು, ಹರಳೆಣ್ಣೆಯ ದೆಸೆಯಿಂದ. ಬಿಳಿಯ ಪಟ್ಟಿ ಅಂಟಿಸಿ ಬೆಲ್ಟಿನ ಮೇಲೆ ಅದು ಹೊರಟುಹೋದಾಗ ಅತ್ತೆ ಕತ್ತು ಉದ್ದ ಮಾಡಿ ಅದು ಕಾಣುವವರೆಗೂ ನೋಡಿದರು. "ಬರುತ್ತೆ ತಾನೇ?" ಎಂದು ನನ್ನನ್ನು ಮೂರು ಸಲ ಕೇಳಿದರು.

ವಿಮಾನದಲ್ಲಿ ಅವರಿಗೆ ಕಿಟಕಿಯ ಸೀಟು. ಮೇಲೇರುವಾಗ ನನ್ನ ಕೈ ಹಿಡಿದುಕೊಂಡಿದ್ದರು. ಮೇಲೇರಿದ ಮೇಲೆ ನೋಡಿದರೆ ನಾನೇ ಅವರ ಕೈ ಹಿಡಿದುಕೊಂಡಿದ್ದೆ. ಸಂಚಿಯಿಂದ ಕೋಡುಬಳೆ ತೆಗೆದು ನನಗೂ ಪಕ್ಕದ ಅಸ್ಸಾಮಿ ಹೆಂಗಸಿಗೂ ಕೊಟ್ಟರು. ಆಕೆಗೆ ಕನ್ನಡ ಬಾರದು, ಇವರಿಗೆ ಕನ್ನಡ ಬಿಟ್ಟು ಬೇರೆ ಬಾರದು. ಕೋಡುಬಳೆಯ ಖಾರಕ್ಕೆ ಆಕೆಯ ಕಣ್ಣಲ್ಲಿ ನೀರು ಬಂದದ್ದನ್ನು ಕಂಡು ಇಬ್ಬರೂ ನಕ್ಕರು. ಕೆಳಗೆ ಯಾವ ಊರು ಎಂದು ಅತ್ತೆ ಕೇಳಿದರು. ಜೀವಮಾನವೆಲ್ಲ ದೂರ ಅಳೆದ ನನಗೆ ಮೋಡ ಬಿಟ್ಟು ಏನೂ ಕಾಣಲಿಲ್ಲ. "ಆಂಧ್ರ ಇರ್ಬೇಕು" ಎಂದೆ. ಆಮೇಲೆ ಎಷ್ಟು ಸಲ ಕೇಳಿದರೂ ಆಂಧ್ರ ಎಂದೇ ಹೇಳಿದೆ. ಅವರು ನಂಬಿದರೋ, ಪಾಪ ಎಂದು ಬಿಟ್ಟರೋ ತಿಳಿಯದು. ಒಂದು ನಿದ್ದೆ ತೆಗೆದು ಏಳುವಷ್ಟರಲ್ಲಿ ಇಳಿಯುವ ಹೊತ್ತಾಗಿತ್ತು. "ಇಷ್ಟೇನಾ?" ಎಂದರು. ದನಿಯಲ್ಲಿ ಸ್ವಲ್ಪ ನಿರಾಸೆಯಿತ್ತು.

ವಿಮಾನದಿಂದ ಇಳಿದು ಹೊರಗೆ ಬಂದರೆ ಸಂಜೆ ಐದು ಗಂಟೆಗೆಲ್ಲ ಕತ್ತಲೆ. ಮಾರ್ಗಶಿರದ ದಿನಗಳು ಬೇರೆ. "ನಮ್ಮೂರಲ್ಲಿ ಇನ್ನೂ ಬಿಸಿಲಿರುತ್ತೆ ಕಣೋ. ಗಡಿಯಾರ ಒಂದೇ, ಸೂರ್ಯ ಬೇರೆ. ದೂರ ಬಂದಿದೀವಿ ಬಿಡು" ಎಂದು ಅವರೇ ಅಳತೆ ಮುಗಿಸಿದರು. ಚೀಲ ಬೆಲ್ಟಿನ ಮೇಲೆ ಎಲ್ಲರ ಪೆಟ್ಟಿಗೆಗಳ ಕೊನೆಯಲ್ಲಿ, ಕುಂಕುಮ ಹಚ್ಚಿಕೊಂಡು ಬಂತು. ಅದನ್ನು ಕಂಡ ಅತ್ತೆಯ ಮುಖ ನೋಡಬೇಕಿತ್ತು ನೀವು.

ಸಿಂಧು ಬಾಗಿಲಲ್ಲೇ ನಿಂತಿದ್ದಳು. ಹೊಟ್ಟೆ ಹೊತ್ತುಕೊಂಡು ಬಾಗಲಾರದೆ ಬಾಗಿ ಅತ್ತೆಯ ಹೆಗಲಿಗೆ ಮುಖವಿಟ್ಟು ಅತ್ತಳು. "ಅಷ್ಟೊತ್ತಿಗೆ ಬಂದ್ಬಿಟ್ರಿ" ಎಂದಳು. "ಬರದೆ ಏನು?" ಎಂದು ಗದರಿಸಿ ಅತ್ತೆ ಅವಳ ಸೊಂಟಕ್ಕೆ ಬಿಸಿನೀರು ಕಾಯಿಸಲು ಒಲೆ ಹುಡುಕಿದರು. ನೋವು ನಿಜವಾಗಿ ಶುರುವಾದದ್ದು ಮಾರನೆಯ ದಿನ ಬೆಳಿಗ್ಗೆ. ಆಸ್ಪತ್ರೆಯಲ್ಲಿ ಅತ್ತೆ ಅವಳ ತಲೆದೆಸೆ ಬಿಟ್ಟು ಕದಲಲಿಲ್ಲ. ನರ್ಸುಗಳು ಹಿಂದಿಯಲ್ಲಿ ಹೊರಗೆ ಹೋಗಿ ಎಂದರೆ ಇವರು ಕನ್ನಡದಲ್ಲಿ ಆಗಲಿ ಎಂದು ಅಲ್ಲೇ ನಿಂತರು. ಮಧ್ಯಾಹ್ನದೊಳಗೆ ಹೆಣ್ಣುಮಗು ಹುಟ್ಟಿತು. ಇಬ್ಬರೂ ಕ್ಷೇಮ. ನಾನು ಹೊರಗಿನ ಬೆಂಚಿನಲ್ಲಿ ಕೂತು ಒಬ್ಬನೇ ನಕ್ಕೆ, ಒಬ್ಬನೇ ಕಣ್ಣೀರಿಟ್ಟೆ, ಅಳಿಯನಿಗೆ ಎರಡೂ ಕಾಣದ ಹಾಗೆ ಕನ್ನಡಕ ಒರೆಸಿಕೊಂಡೆ.

ಒಳಗೆ ಕರೆದಾಗ ಹೋದೆ. ಆಸ್ಪತ್ರೆಯವರು ಮಗುವನ್ನು ಬಿಳಿಯ ಟವೆಲ್ಲಿನಲ್ಲಿ ಸುತ್ತಿದ್ದರು. ಅತ್ತೆ ಅದನ್ನು ಮುಟ್ಟಿ ನೋಡಿ, "ಒರಟು" ಎಂದು ತಲೆಯಾಡಿಸಿದರು. ಹಸುಗೂಸಿಗೆ ಹೊಸ ಬಟ್ಟೆ ಹಾಕುವುದಿಲ್ಲ ನಮ್ಮಲ್ಲಿ. ಒಗೆದು ಒಗೆದು ಮೆತ್ತಗಾದ ಹಳೆಯ ಸೀರೆಯಲ್ಲೇ ಸುತ್ತುವುದು. ಅತ್ತೆ ಚೀಲದ ತಳಕ್ಕೆ ಕೈಹಾಕಿ ಆ ದಿಂಬಿನ ಚೀಲವನ್ನು ತೆಗೆದರು. ಅದರೊಳಗಿನಿಂದ ಒಂದು ಹತ್ತಿಯ ಸೀರೆ ಹೊರಬಂತು.

ತಿಳಿಹಸಿರು ಚೌಕಳಿ. ಸೆರಗಿನ ಹತ್ತಿರ ಅಡುಗೆಮನೆಯ ಮೊಳೆಗೆ ಸಿಕ್ಕಿ ಹರಿದಿದ್ದನ್ನು ಕೈಯಲ್ಲೇ ಹೊಲಿದ ಗುರುತು. ನನಗೆ ಬೇರೆ ಗುರುತು ಬೇಕಿರಲಿಲ್ಲ. ಗಾಯತ್ರಿ ಮನೆಯಲ್ಲಿ ಉಡುತ್ತಿದ್ದ ಸೀರೆ. ಅವಳು ಹೋದ ಮೇಲೆ ಅವಳ ಬಟ್ಟೆಗಳನ್ನೆಲ್ಲ ಯಾರ್ಯಾರಿಗೋ ಕೊಟ್ಟಾಯಿತೆಂದೇ ನಾನು ತಿಳಿದಿದ್ದೆ. ಇದೊಂದನ್ನು ಅತ್ತೆ ಇಷ್ಟು ವರ್ಷ ತೆಗೆದಿಟ್ಟಿದ್ದರು. ಜಗಲಿಯ ಮೇಲೆ ಹಟ ಹಿಡಿದು ಕೂತದ್ದು ಯಾತಕ್ಕೆಂದು ನನಗೆ ಆಗ ತಿಳಿಯಿತು.

ಮಗುವನ್ನು ಅದರಲ್ಲಿ ಸುತ್ತಿ ಅತ್ತೆ ಸಿಂಧುವಿನ ಮಡಿಲಿಗೆ ಕೊಟ್ಟರು. ಸಿಂಧು ಸೆರಗಿನ ಹೊಲಿಗೆಯನ್ನು ಬೆರಳಿನಲ್ಲಿ ಮುಟ್ಟಿದಳು.

"ಇದು ಅಮ್ಮಂದು" ಎಂದಳು.

"ಹೂಂ ಕಣಮ್ಮ" ಎಂದರು ಪದ್ಮತ್ತೆ, ಮಗುವಿನ ಹಣೆಯ ಮೇಲಿನ ಕೂದಲು ಸರಿಸುತ್ತ. "ನಿಮ್ಮಮ್ಮಂದೂ ಪರಸ್ಥಾನ ಇಟ್ಟಿದ್ದೆ. ಅವಳು ಭಾನುವಾರಾನೇ ಹೊರಟಳು. ನಿಮ್ಮಪ್ಪನ್ನ ಕಟ್ಕೊಂಡು ನಾನೇ ಎರಡು ದಿನ ತಡವಾಗಿ ಹೊರಟಿದ್ದು."